ಒರೆಸುವ ಕೈ

ಕರಾವಳಿಯ ಮಳೆ ಮನುಷ್ಯರನ್ನು ಪರೀಕ್ಷಿಸುವುದಕ್ಕೆ ಮೊದಲು ಅವರ ವಸ್ತುಗಳನ್ನು ಪರೀಕ್ಷಿಸುತ್ತದೆ. ಮಾಡಿನ ಹಂಚು, ಕೊಡೆಯ ಕಡ್ಡಿ, ಬಾವಿಯ ರಾಟೆ, ಕೊಟ್ಟಿಗೆಯ ಬಾಗಿಲ ತಿರುಗಣಿ, ಇವುಗಳಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂಬುದನ್ನು ಜೂನ್ ತಿಂಗಳ ಮೊದಲ ಹದಿನೈದು ದಿನಗಳಲ್ಲೇ ಅದು ತೀರ್ಮಾನಿಸಿಬಿಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರಿನಷ್ಟು ಮಳೆ ಬೀಳುವ ಸೀಮೆಯಿದು. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಬೈಂದೂರಿಗೂ ಮರವಂತೆಗೂ ನಡುವೆ, ಹೆದ್ದಾರಿಯ ಬದಿಯಲ್ಲಿ, ಕಡಲಿನ ಸದ್ದು ಕೇಳುವಷ್ಟು ದೂರದಲ್ಲಿರುವ ಬಿಜೂರಿಗಂತೂ ಈ ಪರೀಕ್ಷೆಯಿಂದ ವಿನಾಯಿತಿಯೇ ಇಲ್ಲ.

ಆ ಊರಿನ ಒಂದು ಮನೆಯ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, 1968ರ ಒಂದು ಅಂಬಾಸಡರ್ ಕಾರು ನಿಂತಿದೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, 1950ರ ದಶಕದ ಕೊನೆಯಿಂದ 2014ರವರೆಗೆ ಈ ದೇಶದ ರಸ್ತೆಗಳನ್ನು ಆಳಿದ ವಂಶಕ್ಕೆ ಸೇರಿದ್ದು. ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ಮಾಷ್ಟ್ರು. ಕಾರನ್ನು ಕೊಂಡವರು ಅವರ ತಂದೆ. ಅಕ್ಕಿ ಗಿರಣಿ ನಡೆಸುತ್ತಿದ್ದವರು. ನಡುರಾತ್ರಿಯಲ್ಲಿ ಯಾರ ಮನೆಯಲ್ಲಾದರೂ ಹೆರಿಗೆಯ ನೋವು ಕಾಣಿಸಿಕೊಂಡರೆ, ಯಾರಿಗಾದರೂ ಹಾವು ಕಚ್ಚಿದರೆ, ಆ ಕೇರಿಯ ಜನ ಬಂದು ತಟ್ಟುತ್ತಿದ್ದುದು ಈ ಮನೆಯ ಬಾಗಿಲನ್ನೇ. ಕುಂದಾಪುರದ ಹಾದಿಯಲ್ಲಿ, ಹಿಂದಿನ ಸೀಟಿನಲ್ಲಿ, ತಾಯಂದಿರು ಹಲ್ಲು ಕಚ್ಚಿ ಕುಳಿತು ಸಾಗಿದ ರಾತ್ರಿಗಳೆಷ್ಟೋ. ಆದುದರಿಂದ ಮಾಷ್ಟ್ರಿಗೆ ಅದು ಕೇವಲ ವಾಹನವಲ್ಲ. ತಂದೆಯ ಹೆಸರು ಉಳಿದಿರುವ ಒಂದು ಜಾಗ.

ಕಾರಿಗೆ ವಯಸ್ಸಾಯಿತೆಂದು ಅದರ ಎಂಜಿನು ಎಂದೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡದ್ದು ವೈಪರು. ಕೆಲವು ವರ್ಷಗಳಿಂದ ಗಾಜು ಒರೆಸುವ ಆ ಎರಡು ಕೈಗಳು ದಿನೇ ದಿನೇ ನಿಧಾನವಾಗುತ್ತ ಬಂದಿದ್ದವು. ಮೊದಮೊದಲು ಮೊಮ್ಮಕ್ಕಳಿಗೆ ಅದೊಂದು ವಿನೋದ; ಕೈ ಮೇಲಕ್ಕೇರುವಾಗ "ಏಳು ಅಜ್ಜ, ಏಳು ಅಜ್ಜ" ಎಂದು ಹುರಿದುಂಬಿಸುತ್ತಿದ್ದರು. ಜಡಿಮಳೆಯಲ್ಲಿ ಅವು ಅರ್ಧ ಹಾದಿಯಲ್ಲಿ ನಿಂತು, ಏನನ್ನೋ ನೆನಪು ಮಾಡಿಕೊಳ್ಳುವವರಂತೆ ನಡುಗಿ, ಮತ್ತೆ ಮುಂದೆ ಸಾಗುತ್ತಿದ್ದವು. ಸಂಜೆ ದೀಪ ಹಾಕಿ ನಿಧಾನವಾಗಿ ಹೋಗುವಾಗ ಸ್ಥಿತಿ ಇನ್ನೂ ಕೆಟ್ಟದು. ಹಳೆಯ ಕಾರುಗಳ ಡೈನಮೊ ಎಂಜಿನು ಮೆಲ್ಲಗೆ ತಿರುಗುವಾಗ ವಿದ್ಯುತ್ತನ್ನು ಹೆಚ್ಚಾಗಿ ಕೊಡುವುದಿಲ್ಲ. ದೀಪಕ್ಕೂ ವೈಪರಿಗೂ ಬ್ಯಾಟರಿಯೊಂದೇ ದಿಕ್ಕು. ಮಾಷ್ಟ್ರು ಒಮ್ಮೆ ಗಡಿಯಾರ ಹಿಡಿದು ಎಣಿಸಿದರು. ನಿಮಿಷಕ್ಕೆ 20 ಸುತ್ತು. ಅಂದರೆ ಒಂದು ಸುತ್ತಿಗೆ 3 ಸೆಕೆಂಡು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಅಷ್ಟರಲ್ಲಿ 33 ಮೀಟರು ಮುಂದೆ ಹೋಗಿರುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಮನುಷ್ಯ ಎಚ್ಚರಗೊಳ್ಳುತ್ತಾನೆಯೇ?

ಎಚ್ಚರ ಬಂದದ್ದು ಆರ್ದ್ರಾ ಮಳೆಯ ಒಂದು ಸಂಜೆ. ಬೈಂದೂರಿನಿಂದ ಹಿಂದಿರುಗಿದ ಮಾಷ್ಟ್ರು ಹೆದ್ದಾರಿ ಬಿಟ್ಟು ಊರಿನ ಒಳದಾರಿಗೆ ಕಾರನ್ನು ತಿರುಗಿಸಿದ್ದರು. ವೈಪರಿನ ಕೈಗಳು ಮೇಲೆ ಹೋಗಿ ನಿಂತವು. ಗಾಜಿನ ಮೇಲೆ ನೀರು ಪರದೆಯಂತೆ ಇಳಿಯಿತು. ಕೈಗಳು ಮತ್ತೆ ಕೆಳಗಿಳಿಯುವಷ್ಟರಲ್ಲಿ ಮುಂದೆ, ಒಂದು ಮಾರು ದೂರದಲ್ಲಿ, ಕರಿಯ ಕೊಡೆಯೊಂದು ಕಂಡಿತು. ಬ್ರೇಕು ಹಿಡಿಯಿತು. ಕೊಡೆಯ ಅಂಚು ಬಂಪರಿಗೆ ತಾಗಿದ ಸದ್ದು, ಬಹಳ ಸಣ್ಣ ಸದ್ದು, ಅವರಿಗೆ ಕೇಳಿಸಿತು. ಕೊಡೆಯ ಕೆಳಗಿದ್ದುದು ಶಾಲೆಯ ಚೀಲ ಹೊತ್ತ ಹತ್ತು ವರ್ಷದ ಹುಡುಗಿ.

"ಎಂತದೂ ಆಯ್ಲಿಲ್ಲೆ, ಅಜ್ಜಯ್ಯ" ಎಂದು ಅವಳೇ ಅವರಿಗೆ ಸಮಾಧಾನ ಹೇಳಿ ನಡೆದುಬಿಟ್ಟಳು.

ಮಾಷ್ಟ್ರು ಮನೆಗೆ ಬಂದು ಕಾರಿನ ಬೀಗದ ಕೈಯನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕಿದರು. ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ಬೆಳಗ್ಗೆ ಹುಡುಗಿಯ ಮನೆಗೆ ನಡೆದುಹೋಗಿ, ನಡೆದುದನ್ನು ತಾವಾಗಿ ಹೇಳಿ, "ಕರಿ ಕೊಡೆ, ಮಬ್ಬು ಬೆಳಕು, ಕಾಣಲೇ ಇಲ್ಲ" ಎಂದು ಅವಳ ತಾಯಿಯ ಕ್ಷಮೆ ಕೇಳಿ ಬಂದರು.

ವಿಷಯ ಬೆಂಗಳೂರಿನಲ್ಲಿದ್ದ ಮಗನಿಗೂ ತಲುಪಿತು. "ಅಪ್ಪಯ್ಯ, ಅದನ್ನ ಕೊಟ್ ಬಿಡಿ. ಬೇಕಾರೆ ರಿಕ್ಷಾ ಮಾಡ್ಕಂಬ್ಲಕ್ಕು" ಎಂದು ಅವನು ಫೋನಿನಲ್ಲಿ ಹೇಳಿದನು. ಮಗನ ಮಾತಿನಲ್ಲಿ ತಪ್ಪಿರಲಿಲ್ಲ. ತಂದೆಯ ಮೌನದಲ್ಲಿಯೂ ತಪ್ಪಿರಲಿಲ್ಲ.

ಗಾಜು ಒರೆಸುವ ಕೈಗೂ ಒಂದು ಚರಿತ್ರೆಯಿದೆ. 1902-03ರ ಚಳಿಗಾಲದಲ್ಲಿ ಅಮೆರಿಕದ ಅಲಬಾಮಾ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕ್ ನಗರಕ್ಕೆ ಹೋಗಿದ್ದಾಗ, ಹಿಮಮಳೆಯಲ್ಲಿ ಟ್ರಾಮಿನ ಚಾಲಕನು ದಾರಿ ಕಾಣದೆ ಮುಂದಿನ ಗಾಜನ್ನೇ ತೆರೆದು, ಚಳಿಯಲ್ಲಿ ನಡುಗುತ್ತ ಗಾಡಿ ನಡೆಸುವುದನ್ನು ಕಂಡರು. ಒಳಗಿನಿಂದಲೇ ಸನ್ನೆಗೋಲಿನಿಂದ ಆಡಿಸಬಹುದಾದ ರಬ್ಬರಿನ ಕೈಯೊಂದನ್ನು ಅವರು ಯೋಚಿಸಿ, 1903ರ ನವೆಂಬರಿನಲ್ಲಿ ಅದರ ಹಕ್ಕನ್ನು ಪಡೆದರು. 1905ರಲ್ಲಿ ಕೆನಡಾದ ಒಂದು ಸಂಸ್ಥೆಗೆ ಅದನ್ನು ಮಾರಹೊರಟಾಗ, ಇದರಿಂದ ವ್ಯಾಪಾರಕ್ಕೆ ಹೆಚ್ಚಿನ ಪ್ರಯೋಜನವಿಲ್ಲವೆಂಬ ಉತ್ತರ ಬಂದಿತು! ಹಕ್ಕಿನ ಅವಧಿ ಮುಗಿದುಹೋದ ಮೇಲೆಯೇ ಲೋಕಕ್ಕೆ ಅದರ ಬೆಲೆ ತಿಳಿದದ್ದು. ಆಮೇಲೆ ಎಂಜಿನಿನ ಹೀರುಗಾಳಿಯಿಂದ ನಡೆಯುವ ವೈಪರುಗಳು ಬಂದವು. ಅವುಗಳ ಸ್ವಭಾವ ವಿಚಿತ್ರ. ಇಳಿಜಾರಿನಲ್ಲಿ ಚುರುಕು, ಘಾಟಿ ಹತ್ತುವಾಗ ಎಂಜಿನಿಗೆ ಹೊರೆ ಬಿದ್ದೊಡನೆ ಸ್ತಬ್ಧ. ಬೇಕಾದಾಗ ಕೈಕೊಡುವ ಬಂಧುಗಳಂತೆ. ಹೀಗೆ ವೈಪರು ನಿಂತಾಗ ಬೀಡಿಯ ಹೊಗೆಸೊಪ್ಪನ್ನೋ ಅಡ್ಡ ಕೊಯ್ದ ಆಲೂಗೆಡ್ಡೆಯನ್ನೋ ಗಾಜಿಗೆ ತಿಕ್ಕಿ, ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡಿ, ಹೇಗೋ ಮನೆ ಸೇರುತ್ತಿದ್ದ ಡ್ರೈವರುಗಳ ಕತೆಗಳು ಇಂದಿಗೂ ಕೇಳಸಿಗುತ್ತವೆ. ಅಂಬಾಸಡರಿನ ಕಾಲಕ್ಕೆ ವೈಪರು ವಿದ್ಯುತ್ತಿನದಾಗಿತ್ತು. ಇಂದು ಕಾನೂನು ಕೂಡ ಪ್ರತಿ ಕಾರಿನಲ್ಲಿ ಶಕ್ತಿಯಿಂದ ನಡೆಯುವ, ಸರಿಯಾಗಿ ಕೆಲಸಮಾಡುವ ವೈಪರು ಇರಲೇಬೇಕೆನ್ನುತ್ತದೆ.

ಒಂದು ವಾರ ಬೀಗದ ಕೈ ಮೊಳೆಯಲ್ಲಿಯೇ ಇತ್ತು. ಎಂಟನೆಯ ದಿನ ಮಾಷ್ಟ್ರ ಹಳೆಯ ಶಿಷ್ಯನೊಬ್ಬ, ಹೆದ್ದಾರಿಯ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವವನು, ಸುದ್ದಿ ಕೇಳಿ ತಾನಾಗಿ ಬಂದನು. ಅವನು ಹೈಸ್ಕೂಲಿನಲ್ಲಿ ಗಣಿತದಲ್ಲಿ ಎರಡು ಬಾರಿ ನಪಾಸಾದವನು. ಯಂತ್ರದ ವಿಷಯದಲ್ಲಿ ಎಂದೂ ಆದವನಲ್ಲ.

"ಹೊಸ ಮೋಟಾರು ತರಿಸೋಣವೋ ಹೇಗೆ?" ಎಂದು ಮಾಷ್ಟ್ರು ಕೇಳಿದರು.

"ಮೊದ್ಲ್ ಕಾಂಬ, ಮಾಷ್ಟ್ರೆ" ಎಂದು ಅವನು ಬಾನೆಟ್ಟನ್ನು ಎತ್ತಿದನು.

ಈ ಬಗೆಯ ವೈಪರಿನ ರಚನೆ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಮೋಟಾರಿರುವುದು ಬಾನೆಟ್ಟಿನ ಕೆಳಗೆ. ಅದರ ಹಲ್ಲುಚಕ್ರವೊಂದು ಉಕ್ಕಿನ ಹುರಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ಹುರಿಯ ಮೈಗೆ ತಿರುಪಿನಂತೆ ತಂತಿ ಸುತ್ತಿರುತ್ತದೆ. ಲೋಹದ ಕೊಳವೆಯೊಳಗೆ ಹರಿದಾಡುವ ಈ ಹುರಿ ಗಾಜಿನ ಬುಡದಲ್ಲಿರುವ ಎರಡು ಪುಟ್ಟ ಪೆಟ್ಟಿಗೆಗಳನ್ನು ಹಾದುಹೋಗುವಾಗ ಅವುಗಳೊಳಗಿನ ಹಲ್ಲುಚಕ್ರಗಳನ್ನು ಅತ್ತಿತ್ತ ತಿರುಗಿಸುತ್ತದೆ. ಆ ಚಕ್ರಗಳ ತಲೆಯ ಮೇಲೆ ಕುಳಿತಿರುವುವೇ ಒರೆಸುವ ಕೈಗಳು. ಹೀಗಾಗಿ ಕೈ ನಿಧಾನವಾಯಿತೆಂದರೆ ತಪ್ಪು ಮೋಟಾರಿನದೇ ಆಗಬೇಕಿಲ್ಲ. ಹಾದಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಶಿಷ್ಯನು ಮೊದಲು ಮಾಡಿದ ಕೆಲಸವೆಂದರೆ ಹುರಿಯನ್ನು ಮೋಟಾರಿನಿಂದ ಬಿಡಿಸಿ, ಬರಿಯ ಮೋಟಾರನ್ನು ಓಡಿಸಿ ನೋಡಿದ್ದು. ಅದು ಹುಡುಗುತನದ ಹುರುಪಿನಿಂದ ಗುಂಯ್‌ಗುಟ್ಟಿತು. ಅವನ ಮುಖ ಅರಳಿತು.

"ಮಾಷ್ಟ್ರೆ, ಮೋಟಾರು ಸತ್ತದ್ದಲ್ಲ, ಕಾಣಿ. ಅದಕ್ಕೆ ಎಳುಕೆ ಆತಿಲ್ಲೆ, ಅಷ್ಟೇ."

ಇಷ್ಟು ವರ್ಷ ಸೋಮಾರಿಯೆಂದು ಬೈಸಿಕೊಂಡ ಮೋಟಾರು ನಿಜವಾಗಿ ತನ್ನ ಶಕ್ತಿಗೆ ಮೀರಿ ದುಡಿಯುತ್ತಿತ್ತು. ಎಷ್ಟು ಮೀರಿ ಎಂಬುದನ್ನೂ ಅಳೆಯಬಹುದು. ಲೂಕಾಸ್ ವೈಪರುಗಳ ಹಳೆಯ ಕೈಪಿಡಿಯಲ್ಲಿ ಅದಕ್ಕೊಂದು ವಿಧಾನ ಹೇಳಿದೆ: ಒರೆಸುವ ಕೈಗಳನ್ನು ಕಳಚಿಟ್ಟು, ಹುರಿಯ ತುದಿಗೆ ಸ್ಪ್ರಿಂಗಿನ ತಕ್ಕಡಿಯ ಕೊಕ್ಕೆಯನ್ನು ಸಿಕ್ಕಿಸಿ ಎಳೆಯಬೇಕು, 6 ಪೌಂಡಿಗಿಂತ, ಎಂದರೆ 2.7 ಕಿಲೋಗಿಂತ ಹೆಚ್ಚು ಬಲ ಬೇಕಾಗಬಾರದು. ತಕ್ಕಡಿಯನ್ನು ಎಲ್ಲಿಂದ ತರುವುದು? ಬಾಗಿಲಿಗೆ ಮೀನು ತರುವ ಹೆಂಗಸಿನ ಬಳಿ ಕೊಕ್ಕೆಯ ತಕ್ಕಡಿಯಿತ್ತು. ಅವಳು ಬುಟ್ಟಿಯನ್ನು ನೆರೆಮನೆಯ ಜಗಲಿಯಲ್ಲಿ ಇಳಿಸಿ, ಬಂಗುಡೆ ತೂಗುವ ತಕ್ಕಡಿಯಲ್ಲಿ ಕಾರನ್ನು ತೂಗುವ ಈ ಸೋಜಿಗವನ್ನು ನೋಡಲು ತಾನೂ ನಿಂತಳು. ಮುಳ್ಳು 3 ದಾಟಿತು, 4 ದಾಟಿತು, 5ಕ್ಕೆ ಬಂದಿತು. ಹುರಿ ಕದಲಲಿಲ್ಲ.

ಕೊನೆಗೆ ಗಾಜಿನ ಬುಡದ ಪೆಟ್ಟಿಗೆಗಳನ್ನು ಬಿಚ್ಚಿ, ಹುರಿಯನ್ನು ತಿರುಚುತ್ತ ತಿರುಚುತ್ತ ಹೊರಗೆಳೆದಾಗ ರೋಗದ ಮೂಲ ಕಂಡಿತು. ತಂತಿಯ ಸುತ್ತುಗಳ ನಡುವೆ ಕಂದುಬಣ್ಣದ ಏನೋ ಒಂದು ಅಂಟಿಕೊಂಡು ಗಟ್ಟಿಯಾಗಿತ್ತು. ಚಹಾ ತಂದಿಟ್ಟ ಮಾಷ್ಟ್ರ ಹೆಂಡತಿ ಅದನ್ನು ಉಗುರಿನಿಂದ ಕೆರೆದು ನೋಡಿ, "ಇದೆಂತ, ಹಲಸಿನ ಮೇಣವಾ?" ಎಂದರು.

ಮೇಣವೇ ಸರಿ, ಹಲಸಿನದಲ್ಲ. ದಶಕಗಳ ಹಿಂದೆ ಹಾಕಿದ ಗ್ರೀಸು. ಗ್ರೀಸೆಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುವ ಒಂದು ಬಗೆಯ ಸಾಬೂನು. ಕಾಲ ಕಳೆದಂತೆ ಎಣ್ಣೆ ಒಸರಿ ಹೋಗುತ್ತದೆ. ಉಳಿದದ್ದು ಧೂಳನ್ನು ಕುಡಿದು ಅಂಟಾಗುತ್ತದೆ. ಜಾರಲೆಂದು ಇಟ್ಟದ್ದೇ ಹಿಡಿದು ನಿಲ್ಲಿಸುವ ಕೈಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರವೂ ಇತ್ತು. ಅದನ್ನು ಮೂಸಿ ನೋಡಿದ ಶಿಷ್ಯನು ಮಾಷ್ಟ್ರ ಮುಖವನ್ನು ನೋಡಿದನು.

"ತೆಂಗಿನೆಣ್ಣೆ" ಎಂದು ಮಾಷ್ಟ್ರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. "ನಾನೇ ವರ್ಷಾ ವರ್ಷಾ ಮಳೆಗೆ ಮುಂಚೆ ಬಿಡುತ್ತಿದ್ದೆ, ಮಾರಾಯಾ. ಅಪ್ಪಯ್ಯ ಬಾಗಿಲ ತಿರುಗಣಿಗೆ ಬಿಡುತ್ತಿದ್ದ ಹಾಗೆ."

"ಎಣ್ಣೆ ಬಿಟ್ಟದ್ದ್ ತಪ್ಪಲ್ಲ, ಮಾಷ್ಟ್ರೆ. ಹಳತನ್ನ ತೆಗೀದೆ ಬಿಟ್ಟದ್ದ್ ತಪ್ಪ್."

ನಲವತ್ತು ವರ್ಷ ಮಕ್ಕಳ ತಪ್ಪನ್ನು ತಿದ್ದಿದವರು ತಮ್ಮ ತಪ್ಪನ್ನು ಶಿಷ್ಯನ ಬಾಯಿಂದ ಕೇಳಿ ನಕ್ಕರು. ಆರ್ದ್ರಾ ಸಂಜೆಯಿಂದೀಚೆಗೆ ಅವರು ನಕ್ಕದ್ದು ಅದೇ ಮೊದಲು.

ಮುಂದಿನದು ಕೈಕೆಲಸ, ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಹುರಿಯನ್ನು ಒಂದು ಇರುಳು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಗ್ಗೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಒಂದೊಂದು ಸುತ್ತನ್ನೂ ಉಜ್ಜಿದ್ದಾಯಿತು. ಕೊಳವೆಯೊಳಗೆ ಬಟ್ಟೆಯ ಚೂರು ಕಟ್ಟಿದ ತಂತಿಯನ್ನು ಎಳೆದೆಳೆದು, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿದ್ದಾಯಿತು. ಕೈಗಳು ಕುಳಿತುಕೊಳ್ಳುವ ಕಡ್ಡಿಗಳು ತಮ್ಮ ಗೂಡಿನಲ್ಲಿ ಬಿಗಿದುಕೊಂಡಿದ್ದವು. ಅವನ್ನೂ ಬಿಡಿಸಿ ತೊಳೆದರು. ಆಮೇಲೆ ಹೊಸ ಗ್ರೀಸು, ತೆಳುವಾಗಿ, ಬೆರಳಿನಿಂದ ಸವರಿದಷ್ಟೇ. ಮತ್ತೆ ಮೀನಿನ ತಕ್ಕಡಿ ಬಂದಿತು. ಈ ಬಾರಿ ಮುಳ್ಳು 2 ಕಿಲೋ ಮುಟ್ಟುವುದಕ್ಕೂ ಮೊದಲೇ ಹುರಿ ಹಾವಿನಂತೆ ಹರಿದುಬಂದಿತು.

ಶಿಷ್ಯನು ಅಲ್ಲಿಗೇ ನಿಲ್ಲಿಸಲಿಲ್ಲ. ಮೋಟಾರನ್ನು ತೆರೆದು, ತಾಮ್ರದ ಕಮ್ಯುಟೇಟರಿನ ಮೇಲೆ ಕುಳಿತಿದ್ದ ಇಂಗಾಲದ ಕರಿಯನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸವೆದ ಇಂಗಾಲದ ಬ್ರಷ್ಷುಗಳನ್ನು ಬದಲಿಸಿದನು. ವಿದ್ಯುತ್ತನ್ನು ಅಳೆಯುವ ಮೀಟರನ್ನು ಇಟ್ಟು ನೋಡಿದಾಗ ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಹೆಚ್ಚಿದ್ದುದು ಮೋಟಾರನ್ನು ಮುಟ್ಟುವಷ್ಟರಲ್ಲಿ 10ರ ಆಸುಪಾಸಿಗೆ ಇಳಿದಿತ್ತು. ಉಳಿದದ್ದನ್ನು ಕದ್ದವರು ಯಾರು? ಮೋಟಾರಿನ ಅರ್ತ್ ತಂತಿಯನ್ನು ಕಾರಿನ ಮೈಗೆ ಬಿಗಿದಿದ್ದ ಬೋಲ್ಟು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು. ನೋಡುವವರ ಕಣ್ಣಿಗೆ ಅದು ಸೊಬಗು, ಕಾರಿನ ಮೈಗೆ ಉಪ್ಪು. ಐವತ್ತಕ್ಕೂ ಹೆಚ್ಚು ಮಳೆಗಾಲಗಳ ಉಪ್ಪುಗಾಳಿ ಆ ಬೋಲ್ಟಿನ ಕೆಳಗೆ ತುಕ್ಕಿನ ಒಂದು ಹಾಳೆಯನ್ನೇ ಹಾಸಿತ್ತು. ಉಕ್ಕು ಹೊಳೆಯುವಂತೆ ಕೆರೆದು, ಮತ್ತೆ ಬಿಗಿದು, ಮೇಲೆ ಗ್ರೀಸು ಹಚ್ಚಿದನು. ಗಾಜನ್ನು ಸಾಬೂನಿನ ನೀರಿನಿಂದ ತೊಳೆದು, ಗಡಸಾಗಿದ್ದ ರಬ್ಬರನ್ನು ತೆಗೆದು ಹೊಸ ರಬ್ಬರು ಹಾಕಿದ್ದಾಯಿತು. ಗಾಜು ಒಣಗಿದ್ದಾಗ ವೈಪರನ್ನು ಪರೀಕ್ಷಿಸಬಾರದು. ರಬ್ಬರು ತರಚುತ್ತದೆ, ಲೆಕ್ಕವೂ ತಪ್ಪುತ್ತದೆ. ಆದರೆ ಬಿಜೂರಿನಲ್ಲಿ ಆ ದಿನಗಳಲ್ಲಿ ನೀರಿಗೆ ಕೊರತೆಯೇ? ಕಾರನ್ನು ತಗಡಿನ ಮಾಡಿನಿಂದ ಹೊರಗೆ ತಳ್ಳಿದರು. ಮಾಷ್ಟ್ರು ಗಡಿಯಾರ ಹಿಡಿದು ಎಣಿಸಿದರು. ನಿಮಿಷಕ್ಕೆ 44 ಸುತ್ತು. 33 ಮೀಟರಿನ ಕುರುಡು ಹಾದಿ 15 ಮೀಟರಿಗೆ ಇಳಿದಿತ್ತು.

ಬೀಗದ ಕೈ ಮೊಳೆಯಿಂದ ಇಳಿಯಿತು. ಆ ಸಂಜೆಯೇ ಮಾಷ್ಟ್ರು ಶಿಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೊರಟರು. ನಾವುಂದ ದಾಟುವಾಗ ಮಳೆ ಜೋರಾಯಿತು. ವೈಪರಿನ ಕೈಗಳು ತಾಳ ತಪ್ಪದೆ ಆಡಿದವು. ಮಾಷ್ಟ್ರ ಮನಸ್ಸು ಹಗುರವಾಯಿತು. ಮರವಂತೆಗೆ ಬರುವಾಗ ಕತ್ತಲಿಳಿಯಿತು. ಎದುರಿನಿಂದ ಬರುವ ಲಾರಿಗಳು ದೀಪ ಹಾಕಿಕೊಂಡವು.

ಒಂದೊಂದು ದೀಪದ ಸುತ್ತಲೂ ದೊಡ್ಡದೊಂದು ಬಳೆ. ಬಳೆಯಿಂದಾಚೆಗೆ ಎಲ್ಲವೂ ಮಂಜು.

"ಗಾಜಿನಲ್ಲಿ ಇನ್ನೂ ಜಿಡ್ಡಿದೆಯಲ್ಲ, ಮಾರಾಯಾ" ಎಂದರು ಮಾಷ್ಟ್ರು.

ಶಿಷ್ಯನು ಮುಂದೆ ಬಾಗಿ ಗಾಜನ್ನು ನೋಡಿದನು. ಗಾಜು ಶುಭ್ರವಾಗಿತ್ತು. ಅವನು ಉತ್ತರ ಕೊಡಲಿಲ್ಲ. ಆ ಮೌನದಿಂದಲೇ ಮಾಷ್ಟ್ರಿಗೆ ಅರ್ಥವಾಯಿತು. ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬಳೆಗಳು ಇದ್ದಲ್ಲಿಯೇ ಇದ್ದವು. ಕಡಲು ಒಂದು ಬದಿಯಲ್ಲಿ ಮೊರೆಯುತ್ತಿತ್ತು. ಇಷ್ಟು ದಿನ ವೈಪರಿನ ತಲೆಗೆ ಕಟ್ಟಿದ್ದ ತಪ್ಪಿನಲ್ಲಿ ತಮ್ಮ ಪಾಲೂ ಇತ್ತೆಂಬುದು, ಆ ಹುಡುಗಿ ಒಂದು ಮಾರಿನ ದೂರದಲ್ಲಿ ಉಳಿದದ್ದು ಕೇವಲ ದೈವಕೃಪೆಯೆಂಬುದು ಅವರಿಗೆ ಆಗ ಹೊಳೆಯಿತು. ಬಾಗಿಲು ತೆರೆದು, ಮಳೆಯಲ್ಲಿ ನೆನೆಯುತ್ತಲೇ ಸುತ್ತಿ ಬಂದು, "ನೀನೇ ನಡೆಸು" ಎಂದರು.

ಕುಂದಾಪುರದ ಕಣ್ಣಿನ ವೈದ್ಯರು ಪರೀಕ್ಷಿಸಿ, ಎರಡು ಕಣ್ಣಿಗೂ ಪೊರೆ ಬಂದಿದೆಯೆಂದರು. ಕಣ್ಣಿನೊಳಗಿನ ತಿಳಿಯಾದ ಮಸೂರ ವಯಸ್ಸಾದಂತೆ ಹಳದಿಗಟ್ಟಿ, ಮಬ್ಬಾಗಿ, ಬೆಳಕನ್ನು ನೇರವಾಗಿ ಬಿಡದೆ ಚೆದರಿಸುವುದೇ ಪೊರೆ. ಮೆಲ್ಲಮೆಲ್ಲನೆ ಬರುವುದರಿಂದ ಬಂದವರಿಗೇ ಅದರ ಅರಿವಾಗುವುದಿಲ್ಲ. ಲೋಕವೇ ಮಂಕಾಯಿತೆಂದು ತಿಳಿಯುತ್ತಾರೆ. ಅದನ್ನು ಒರೆಸಿ ತೆಗೆಯುವ ಮದ್ದಿಲ್ಲ. ಮಬ್ಬಾದ ಮಸೂರವನ್ನು ತೆಗೆದು ಬೇರೊಂದನ್ನು ಇಡಬೇಕು. ಆ ಹೊಸ ಮಸೂರದ ಹುಟ್ಟಿಗೂ ಒಂದು ಗಾಜಿನ ಕತೆಯಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಮುಚ್ಚಳ ಒಡೆದು ಅದರ ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕಿದ್ದರೂ, ಕಣ್ಣು ಅವನ್ನು ಸಹಿಸಿಕೊಂಡಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ಆಂಗ್ಲ ವೈದ್ಯರು ಗಮನಿಸಿದ್ದರು. ಅದೇ ಬಗೆಯ ವಸ್ತುವಿನಿಂದ ಮಸೂರ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಕಣ್ಣಿನಲ್ಲಿ ಇಟ್ಟರು. ವೈದ್ಯರ ಬಾಯಿಂದ ಇದನ್ನು ಕೇಳಿದ ಮಾಷ್ಟ್ರು, "ಹಾಗಾದರೆ ನನಗೂ ಗಾಜು ಬದಲಿಸುವುದೇ" ಎಂದರಂತೆ.

ಆಸಾಡಿ ಮುಗಿಯುವುದರೊಳಗೆ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಹೋಗುವಾಗಲೂ ಬರುವಾಗಲೂ ಕಾರನ್ನು ನಡೆಸಿದವನು ಶಿಷ್ಯ. ಬೆಂಗಳೂರಿನಿಂದ ಬಂದಿದ್ದ ಮಗನು ಹಿಂದಿನ ಸೀಟಿನಲ್ಲಿ ಕುಳಿತು, ಗಾಜಿನ ಮೇಲೆ ಆಡುತ್ತಿದ್ದ ಕೈಗಳನ್ನೇ ನೋಡುತ್ತಿದ್ದನು. ಕಾರು ಮಾರುವ ಮಾತನ್ನು ಅವನು ಎತ್ತಲಿಲ್ಲ. ಇನ್ನು ರಾತ್ರಿಯಲ್ಲಿ ಕಾರು ನಡೆಸುವ ಮಾತನ್ನು ಮಾಷ್ಟ್ರೂ ಎತ್ತಲಿಲ್ಲ.

ಕೆಲವು ವಾರಗಳ ಬಳಿಕ, ವೈದ್ಯರನ್ನು ಮತ್ತೊಮ್ಮೆ ಕಂಡು ಹಿಂದಿರುಗುವಾಗ ಶಾಲೆ ಬಿಡುವ ಹೊತ್ತು. ಸಣ್ಣಗೆ ಮಳೆ ಹನಿಯುತ್ತಿತ್ತು. ಕಾರು ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿತು. ಮುಂದೆ ಅದೇ ಹುಡುಗಿ ಚೀಲ ಹೊತ್ತು ನಡೆಯುತ್ತಿದ್ದಳು. ಮಾಷ್ಟ್ರು ಕಾರು ನಿಲ್ಲಿಸಲು ಹೇಳಿ, ಕಿಟಕಿಯ ಗಾಜು ಇಳಿಸಿದರು. ಅವಳ ಕೊಡೆ ನೀಲಿಯದು. ಮಳೆ ಬಿಟ್ಟ ಬೆಳಗಿನ ಆಕಾಶದಂತಹ ಗಾಢವಾದ ನೀಲಿ.

"ಹೊಸ ಕೊಡೆಯಾ, ಮಗಾ?" ಎಂದು ಕೇಳಿದರು.

"ಅಲ್ಲ ಅಜ್ಜಯ್ಯ, ಹೋದ ವರ್ಷದ್ದೇ" ಎಂದಳು ಹುಡುಗಿ.